ಡನ್‌ಕ್ವಿನ್‌ಗೆ ಹೊರಟವರಿಗೆ ದುರ್ಗದವನ ನಾಲ್ಕು ಮಾತು

ಚಿತ್ರದುರ್ಗದವರಿಗೆ ಗಾಳಿ ಹೊಸದಲ್ಲ. ಜೋಗಿಮಟ್ಟಿ ಹತ್ತಿದವರು, ಗುಡ್ಡದ ಮೇಲಿನ ಕರೆಂಟು ಮಾಡುವ ಗಾಳಿ ಫ್ಯಾನುಗಳ ಕೆಳಗೆ ನಿಂತವರು ನಾವು. ಆ ಧೈರ್ಯದಲ್ಲೇ ಐರ್ಲೆಂಡಿನ ಪಶ್ಚಿಮ ತುದಿಯ ಡನ್‌ಕ್ವಿನ್ ಹಳ್ಳಿಗೆ ಛತ್ರಿ ಹಿಡಿದು ಹೋದೆ. ಎರಡೇ ನಿಮಿಷಕ್ಕೆ ಅದು ಉಲ್ಟಾ ಆಗಿ ಕಡ್ಡಿ ಮುರಿಯಿತು. ನೀವು ಛತ್ರಿ ಒಯ್ಯಬೇಡಿ. ಟೋಪಿ ಇರುವ ಮಳೆಕೋಟು, ಜಾರದ ಶೂ, ಜೂನ್ ತಿಂಗಳಾದರೂ ಒಂದು ಸ್ವೆಟರ್ ಇರಲಿ.

ವೀಸಾದಲ್ಲಿ ಜನ ಎಡವುವುದು ಜಾಸ್ತಿ. ಅಲ್ಲಿ ಯೂರೋ ನಡೆಯುತ್ತದೆ, ಯುರೋಪಿನ ಹಲವು ದೇಶಗಳಿಗೆ ಒಂದೇ ಆದ ಷೆಂಗನ್ ವೀಸಾ ಮಾತ್ರ ನಡೆಯುವುದಿಲ್ಲ. ಐರ್ಲೆಂಡಿನದೇ ವೀಸಾ ಬೇಕು, ಅರ್ಜಿ ಆನ್‌ಲೈನ್‌ನಲ್ಲಿ ತುಂಬಬೇಕು. ಡಬ್ಲಿನ್ನಿನ ಹ್ಯೂಸ್ಟನ್ ಸ್ಟೇಷನ್ನಿನಿಂದ ಟ್ರಲೀ ಪಟ್ಟಣಕ್ಕೆ ರೈಲು, ಸುಮಾರು ನಾಲ್ಕು ತಾಸು. ಅಲ್ಲಿಂದ ಡಿಂಗಲ್ ಪಟ್ಟಣಕ್ಕೆ ಬಸ್ಸಿದೆ. ದಿನಸಿ, ಔಷಧಿ ಎಲ್ಲಾ ಡಿಂಗಲ್‌ನಲ್ಲೇ ತಗೊಂಡುಬಿಡಿ. ಮುಂದಿನ ಹಾದಿಗೆ ಬಾಡಿಗೆ ಕಾರೇ ಅನುಕೂಲ.

ನಮ್ಮ ಕಾರು ಓಡಿಸಿದ್ದು ಡಬ್ಲಿನ್ನಿನಲ್ಲಿರುವ ಮಗಳು. ನಮ್ಮಲ್ಲಿನ ಹಾಗೇ ಎಡಗಡೆ ಓಡಿಸಬೇಕು, ಅಷ್ಟು ಸಮಾಧಾನ. ಆದರೆ ರಸ್ತೆ ಕಿರಿದು. ಒಂದು ಕಡೆ ಕಲ್ಲಿನ ಗೋಡೆ, ಇನ್ನೊಂದು ಕಡೆ ಪಾತಾಳ. ಡಿಂಗಲ್‌ನಿಂದ ಹೊರಟು ಸ್ಲೇ ಹೆಡ್ ಎಂಬ ಭೂಶಿರ ಸುತ್ತಿ ಬರುವ ದಾರಿಯಲ್ಲಿ ಗಡಿಯಾರದ ಮುಳ್ಳು ತಿರುಗುವ ದಿಕ್ಕಿನಲ್ಲೇ ಹೋಗಿ. ದೊಡ್ಡ ಬಸ್ಸುಗಳೂ ಹಾಗೇ ಹೋಗುತ್ತವೆ. ಎದುರಿಗೆ ಸಿಕ್ಕರೆ ರಿವರ್ಸ್ ಹೊಡೆಯುವ ಕಷ್ಟ ನಿಮ್ಮದು! ಆ ಭಾಗದಲ್ಲಿ ಐರಿಷ್ ಮಾತಾಡುತ್ತಾರೆ, ಊರಿನ ಬೋರ್ಡುಗಳೂ ಐರಿಷ್‌ನಲ್ಲೇ. ಡನ್‌ಕ್ವಿನ್ ಅಲ್ಲಿ 'ಡೂನ್ ಖೀನ್'. ಎರಡೂ ಹೆಸರು ಬರೆದಿಟ್ಟುಕೊಳ್ಳಿ. ರಸ್ತೆ ಮೇಲೆ ಬಿಳಿ ಬಣ್ಣದಲ್ಲಿ 'ಗೊ ಮಾಲ್' ಅಂತ ಬರೆದಿದ್ದು ನೋಡಿ ನನ್ನ ಹೆಂಡತಿ, "ಈ ಕಾಡಲ್ಲೂ ಮಾಲ್ ಇದೆಯೇನೇ?" ಅಂತ ಮಗಳನ್ನು ಕೇಳಿದಳು. ಹಾಗಂದರೆ ನಿಧಾನ ಅಂತ.

ದಾರಿಯಲ್ಲಿ ಜೇನುಗೂಡಿನ ಆಕಾರದ ಹಳೆಯ ಕಲ್ಲುಗುಡಿಸಲುಗಳಿವೆ. ಗಾರೆ ಇಲ್ಲ, ಕಲ್ಲಿನ ಮೇಲೆ ಕಲ್ಲು ಜೋಡಿಸಿದ್ದು ಅಷ್ಟೇ. ಕೋಟೆ ನೋಡಿ ಬೆಳೆದವರಿಗೆ ಇದು ಬಾಯಿಬಿಟ್ಟು ನೋಡುವಂಥದ್ದಲ್ಲ, ಆದರೂ ಇಳಿದು ನೋಡಿ. ಮುಂದೆ ಕುಮೀನೂಲ್ ಬೀಚ್. ನೋಡಲು ಬಲು ಚೆಂದ, ನೀರಿಗೆ ಮಾತ್ರ ಇಳಿಯಬೇಡಿ. ಸೆಳವು ಕೆಟ್ಟದ್ದು. ನಮ್ಮ ಬಯಲುಸೀಮೆಯವರಿಗೆ ಕೆರೆಯ ಈಜು ಗೊತ್ತಿರುತ್ತದೆ, ಅಟ್ಲಾಂಟಿಕ್ ಕೆರೆಯಲ್ಲ.

ಈಗ ಮುಖ್ಯ ವಿಷಯ. ಬಹಳ ಜನ ಒಂದೇ ದಿನದಲ್ಲಿ ಸುತ್ತು ಮುಗಿಸಿ, ಫೋಟೋ ಹೊಡೆದು ಹೋಗಿಬಿಡುತ್ತಾರೆ. ನೀವು ಮೂರು ರಾತ್ರಿ ಇಟ್ಟುಕೊಳ್ಳಿ. ಯಾಕೆಂದರೆ ಎದುರಿಗೆ ಕಾಣುವ ಗ್ರೇಟ್ ಬ್ಲಾಸ್ಕೆಟ್ ದ್ವೀಪಕ್ಕೆ ದೋಣಿ ಬಿಡುವುದು ಬೇಸಿಗೆ ತಿಂಗಳುಗಳಲ್ಲಿ, ಅದೂ ಸಮುದ್ರ ಒಪ್ಪಿದರೆ ಮಾತ್ರ. ಮೊದಲ ದಿನ ನಮಗೆ ಬಿಸಿಲು ಫಳಫಳ ಹೊಳೆಯುತ್ತಿತ್ತು. "ಇವತ್ತಿಲ್ಲ" ಅಂದರು. ಎರಡನೇ ದಿನವೂ ಇಲ್ಲ. ಬಿಸಿಲಿಗೂ ಅಲೆಗೂ ಸಂಬಂಧವೇ ಇಲ್ಲ ಅಂತ ನನಗೆ ಗೊತ್ತಾಗಿದ್ದು ಅಲ್ಲೇ. ಮೂರನೇ ದಿನ ಮೋಡ ಕವಿದಿತ್ತು, ದೋಣಿ ಹೊರಟಿತು.

ದೋಣಿಕಟ್ಟೆಗೆ ಇಳಿಯುವ ಕಾಂಕ್ರೀಟ್ ದಾರಿ ನಮ್ಮ ಕೋಟೆ ಬಾಗಿಲುಗಳ ಹಾದಿಯ ಹಾಗೆ ತಿರುಗಿ ತಿರುಗಿ ಕಡಿದಾಗಿ ಇಳಿಯುತ್ತದೆ. ಕಾರನ್ನು ಮೇಲೆಯೇ ಬಿಡಿ. ಮಂಡಿನೋವಿದ್ದರೆ ಇಳಿಯುವ ಮೊದಲೇ ವಾಪಸ್ ಹತ್ತುವುದನ್ನು ನೆನೆಸಿಕೊಳ್ಳಿ. ಹೆಂಡತಿ ಮೇಲೆಯೇ ಕುಳಿತಳು, ನಾನು ಹೋದೆ. ದ್ವೀಪದ ಹತ್ತಿರ ದೊಡ್ಡ ದೋಣಿಯಿಂದ ಸಣ್ಣ ದೋಣಿಗೆ ದಾಟಬೇಕು. ಅಲ್ಲಿ ಕೈ ಖಾಲಿ ಇರಲಿ.

ದ್ವೀಪದ ತುಂಬಾ ಸೂರಿಲ್ಲದ ಮನೆಗಳು. ಒಂದು ಕಾಲಕ್ಕೆ ನೂರೈವತ್ತಕ್ಕೂ ಹೆಚ್ಚು ಜನ ಇದ್ದರು. ಹರೆಯದವರು ಅಮೆರಿಕಕ್ಕೆ ಹೋದರು. ಹವಾಮಾನ ಕೆಟ್ಟರೆ ಡಾಕ್ಟರೂ ಬರುವಂತಿರಲಿಲ್ಲ. ಕೊನೆಗೆ 1953ರಲ್ಲಿ ಸರ್ಕಾರ ಉಳಿದ 22 ಜನರನ್ನು ದಡಕ್ಕೆ ತಂದು ನೆಲೆ ಮಾಡಿಸಿತು. ಡನ್‌ಕ್ವಿನ್‌ನಲ್ಲಿರುವ ಬ್ಲಾಸ್ಕೆಟ್ ಸೆಂಟರ್ ಎಂಬ, ದ್ವೀಪದವರ ಬದುಕು ತೋರಿಸುವ ಮ್ಯೂಸಿಯಮ್ಮನ್ನು ದೋಣಿ ಹತ್ತುವ ಮೊದಲೇ ನೋಡಿ. ಆಗ ದ್ವೀಪದಲ್ಲಿ ಬರೀ ಕಲ್ಲುರಾಶಿ ಕಾಣುವುದಿಲ್ಲ, ಯಾರದೋ ಒಲೆ, ಯಾರದೋ ಹೊಸ್ತಿಲು ಕಾಣುತ್ತದೆ.

ಊಟದ ಮಾತು. ಹಾಲು, ಮಾಂಸದ ಪದಾರ್ಥ ಅಲ್ಲಿಗೆ ಒಯ್ಯುವಂತಿಲ್ಲ. ಪೇಡ, ತುಪ್ಪ ಮನೆಯಲ್ಲೇ ಇರಲಿ. ಶೇಂಗಾ ಚಟ್ನಿಪುಡಿ, ಒಣ ರೊಟ್ಟಿ ಒಯ್ದಿದ್ದೆವು. ಒಗ್ಗರಣೆ ಹಾಕಿದ ಮಂಡಕ್ಕಿಯೂ ಇತ್ತು. ಜೂನ್‌ನಲ್ಲಿ ಅಲ್ಲಿ ಸೂರ್ಯ ಮುಳುಗುವಾಗ ರಾತ್ರಿ ಹತ್ತು ಗಂಟೆ. ಸೂರ್ಯಾಸ್ತ ನೋಡುತ್ತಾ ತಿನ್ನೋಣ ಅಂತ ಬಂಡೆ ಮೇಲೆ ಕುಳಿತು ಹೆಂಡತಿ ಪೊಟ್ಟಣ ಬಿಚ್ಚಿದಳು. ಅರ್ಧ ಮಂಡಕ್ಕಿ ಕುರಿಗಳ ಪಾಲಾಯಿತು. ಉಳಿದರ್ಧವನ್ನು ಕಾರಿನೊಳಗೆ ಗಾಜು ಏರಿಸಿಕೊಂಡು ತಿಂದೆವು. ನೀವೂ ಹಾಗೇ ತಿನ್ನಿ.