ನಾಯಿ ಬೆಕ್ಕುಗಳ ಮೈಮೇಲೆ ದಿನಕ್ಕೊಮ್ಮೆ ಕೈಯಾಡಿಸಬೇಕು

ಸಾಕಿದ ಪ್ರಾಣಿ ಕಾಯಿಲೆ ಬಿದ್ದರೆ ಆಸ್ಪತ್ರೆಗೆ ಕರೆದೊಯ್ಯಬೇಕು ಎಂಬುದು ಎಲ್ಲರಿಗೂ ಗೊತ್ತು. ಕಾಯಿಲೆ ಶುರುವಾಗಿದೆ ಎಂಬುದನ್ನು ಅದು ಪೂರ್ತಿ ಮಲಗುವ ಮೊದಲೇ ಕಂಡುಕೊಳ್ಳುವುದು ಹೇಗೆ ಎಂದು ಹೇಳಿಕೊಡುವವರು ಕಡಿಮೆ. ಚಿತ್ರದುರ್ಗದ ಕೋಟೆಯ ತಪ್ಪಲಲ್ಲಿರುವ ನಮ್ಮ ಹಳೆಯ ಕಲ್ಲುಗೋಡೆಯ ಮನೆಯಲ್ಲಿ ಕೆಂಚ ಎಂಬ ನಾಟಿ ನಾಯಿ, ಬೂದ ಮತ್ತು ಸುಬ್ಬಿ ಎಂಬ ಎರಡು ಬೆಕ್ಕುಗಳಿವೆ. ಅವುಗಳ ಆರೈಕೆಯಲ್ಲಿ ನಾನು ಎಲ್ಲಕ್ಕಿಂತ ಹೆಚ್ಚು ನಂಬಿರುವುದು ನನ್ನ ಕೈಯನ್ನೇ. ಸಂಜೆ ಊಟ ಹಾಕುವ ಮೊದಲು ಮೂರರ ಮೈಮೇಲೂ ಕೈಯಾಡಿಸುತ್ತೇನೆ. ಹೆಚ್ಚು ಹೊತ್ತಿನ ಕೆಲಸವಲ್ಲ, ಆದರೆ ತಪ್ಪಿಸುವುದಿಲ್ಲ.

ಕೈಯಾಡಿಸುವುದೆಂದರೆ ತಲೆ ಸವರಿ ಬಿಡುವುದಲ್ಲ. ಕಿವಿಯನ್ನು ಮಡಿಸಿ ಒಳಗೆ ನೋಡುತ್ತೇನೆ, ಮೂಸುತ್ತೇನೆ. ಒಳ್ಳೆಯ ಕಿವಿಗೆ ವಾಸನೆ ಇರುವುದಿಲ್ಲ. ಕುತ್ತಿಗೆಯ ಬೆಲ್ಟ್ ಬಿಚ್ಚಿ ಅದರ ಕೆಳಗಿನ ಚರ್ಮ ನೋಡುತ್ತೇನೆ. ಮುಂಗಾಲಿನ ಕಂಕುಳು, ತೊಡೆಯ ಸಂದು, ಬಾಲದ ಬುಡ, ಕೊನೆಗೆ ಕಾಲ್ಬೆರಳುಗಳ ನಡುವೆ. ಕೆಂಚನಿಗೆ ಕಾಲು ಮುಟ್ಟಿದರೆ ಆಗುತ್ತಿರಲಿಲ್ಲ. ಮರಿಯಾಗಿದ್ದಾಗಲೇ ಒಂದೊಂದು ಬೆರಳು ಮುಟ್ಟಿ ಒಂದೊಂದು ಚೂರು ಬೇಯಿಸಿದ ಕೋಳಿ ಕೊಟ್ಟು ರೂಢಿ ಮಾಡಿಸಿದೆ. ಈಗ ತಾನೇ ಕಾಲು ಚಾಚುತ್ತಾನೆ.

ಆಮೇಲೆ ವಸಡು. ತುಟಿ ಎತ್ತಿ ವಸಡನ್ನು ಬೆರಳಿನಿಂದ ಒತ್ತಿ ಬಿಟ್ಟರೆ ಒತ್ತಿದ ಜಾಗ ಬೆಳ್ಳಗಾಗಿ, ಎರಡು ಸೆಕೆಂಡಿನೊಳಗೆ ಮತ್ತೆ ಗುಲಾಬಿ ಬಣ್ಣಕ್ಕೆ ಮರಳಬೇಕು. ಬಿಳಿಚಿದ್ದರೆ ರಕ್ತ ಕಡಿಮೆಯಾಗಿದೆ ಅಥವಾ ರಕ್ತ ಸಂಚಾರ ಕುಗ್ಗಿದೆ ಎಂದರ್ಥ, ಹಳದಿಯಾಗಿದ್ದರೆ ಕಾಮಾಲೆ. ನಮ್ಮ ಕಡೆಯ ಅನೇಕ ನಾಟಿ ನಾಯಿಗಳ ವಸಡು ಹುಟ್ಟಿನಿಂದಲೇ ಕಪ್ಪು. ಅಂಥವಕ್ಕೆ ಕಣ್ಣಿನ ಕೆಳರೆಪ್ಪೆಯನ್ನು ಮೆಲ್ಲಗೆ ಎಳೆದು ಒಳಭಾಗದ ಬಣ್ಣ ನೋಡಬೇಕು. ಮೂಗು ತಣ್ಣಗಿದೆಯೇ ಬಿಸಿಯಿದೆಯೇ ಎಂದು ನೋಡಿ ಜ್ವರ ಹೇಳುವುದನ್ನು ನಾನು ನಂಬುವುದಿಲ್ಲ. ಪ್ರಾಣಿಗಳಿಗೆಂದೇ ಒಂದು ಡಿಜಿಟಲ್ ಥರ್ಮಾಮೀಟರ್ ಇಟ್ಟಿದ್ದೇನೆ. ತುದಿಗೆ ಕೊಬ್ಬರಿ ಎಣ್ಣೆ ಸವರಿ ಗುದದ್ವಾರದಲ್ಲಿ ಸ್ವಲ್ಪವೇ ತೂರಿಸಬೇಕು. ನಾಯಿ ಬೆಕ್ಕುಗಳ ಸಹಜ ಉಷ್ಣತೆ ನಮಗಿಂತ ಹೆಚ್ಚು, ಸುಮಾರು 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. ಇದು ತಿಳಿಯದೆ 102 ಕಂಡು ಗಾಬರಿಯಾಗಿ ಮನುಷ್ಯರ ಜ್ವರದ ಗುಳಿಗೆ ಕೊಡುವವರಿದ್ದಾರೆ. ಆ ಗುಳಿಗೆಯ ವಿಷಯಕ್ಕೆ ಮುಂದೆ ಬರುತ್ತೇನೆ.

ಈ ಸಂಜೆಯ ತಪಾಸಣೆಯಲ್ಲಿ ನಾನು ಮುಖ್ಯವಾಗಿ ಹುಡುಕುವುದು ರಕ್ತ ಹೀರುವ ಉಣ್ಣೆಯನ್ನು. ನಾಯಿ ಸಾಕಿದವರಿಗೆ ನಮ್ಮ ಊರಿನಲ್ಲಿ ಇದಕ್ಕಿಂತ ದೊಡ್ಡ ಶತ್ರು ಇಲ್ಲ ಎಂದೇ ನನ್ನ ಅಭಿಪ್ರಾಯ. ಹೊಲದ ಹುಲ್ಲಿನಲ್ಲಿ ಮಾತ್ರ ಉಣ್ಣೆ ಇರುತ್ತದೆ ಎಂದು ತಿಳಿದವರು ಹೆಚ್ಚು. ನಾಯಿಗೆ ಹತ್ತುವ ಕಂದು ಉಣ್ಣೆ ಹಾಗಲ್ಲ, ಅದು ಮನೆಯೊಳಗೇ ಸಂಸಾರ ಹೂಡುತ್ತದೆ. ರಕ್ತ ಕುಡಿದು ದ್ರಾಕ್ಷಿಯಷ್ಟು ಉಬ್ಬಿದ ಹೆಣ್ಣು ಉಣ್ಣೆ ನಾಯಿಯ ಮೈಯಿಂದ ಉದುರಿ, ಗೋಡೆ ಹತ್ತಿ, ಬಿರುಕು ಹುಡುಕಿ ಸಾವಿರಾರು ಮೊಟ್ಟೆ ಇಡುತ್ತದೆ. ಮೊಟ್ಟೆಯೊಡೆದ ಮರಿಗಳು ಮತ್ತೆ ನಾಯಿಗಾಗಿ ಕಾಯುತ್ತವೆ. ರಕ್ತ ಸಿಗದಿದ್ದರೂ ತಿಂಗಳುಗಟ್ಟಲೆ ಬದುಕುತ್ತವೆ. ಕಲ್ಲುಗೋಡೆಯ ಸಂದುಗಳಿರುವ ನಮ್ಮಂಥ ಮನೆಗಳಲ್ಲಿ ಅವಕ್ಕೆ ಜಾಗಕ್ಕೆ ಬರವಿಲ್ಲ. ಹಾಗಾಗಿ ನಾಯಿಗೆ ಮಾತ್ರ ಔಷಧಿ ಹಾಕಿದರೆ ಅರ್ಧ ಕೆಲಸ. ಕೆಂಚ ಮಲಗುವ ಮೂಲೆಯ ಗೋಡೆಯ ಸಂದುಗಳಿಗೆ ಸಿಮೆಂಟ್ ಮೆತ್ತಿಸಿದೆವು, ವರ್ಷಕ್ಕೊಮ್ಮೆ ಸುಣ್ಣ ಹೊಡೆಸುತ್ತೇವೆ. ಅವನ ಗೋಣಿಚೀಲವನ್ನು ವಾರಕ್ಕೊಮ್ಮೆ ಕುದಿಯುವ ನೀರಿನಲ್ಲಿ ಅದ್ದಿ ಬಿಸಿಲಿಗೆ ಹಾಕುತ್ತೇನೆ.

ಮೈಮೇಲೆ ಸಿಕ್ಕ ಉಣ್ಣೆಯನ್ನು ಬೆರಳಿನಿಂದ ಹಿಸುಕಬಾರದು. ಸೀಮೆಎಣ್ಣೆ ಸುರಿಯುವುದೂ ಬೇಡ, ಅದು ನಾಯಿಯ ಚರ್ಮವನ್ನು ಸುಡುತ್ತದೆ, ನೆಕ್ಕಿದರೆ ಹೊಟ್ಟೆಗೂ ಹೋಗುತ್ತದೆ. ಚಿಮಟದಿಂದ ಚರ್ಮಕ್ಕೆ ತಾಗಿದ ಜಾಗದಲ್ಲೇ ಉಣ್ಣೆಯ ತಲೆಯನ್ನು ಹಿಡಿದು, ತಿರುಚದೆ, ನೇರವಾಗಿ ಮೆಲ್ಲಗೆ ಎಳೆಯಬೇಕು. ಕಿತ್ತದ್ದನ್ನು ಸ್ಪಿರಿಟ್ ಹಾಕಿದ ಸಣ್ಣ ಶೀಶೆಗೆ ಹಾಕುತ್ತೇನೆ. ನೆಲಕ್ಕೆ ಎಸೆದರೆ ಅದು ಮತ್ತೆ ಗೋಡೆ ಸೇರುತ್ತದೆ.

ಇಷ್ಟೆಲ್ಲ ಯಾಕೆಂದರೆ ಉಣ್ಣೆ ರಕ್ತ ಕುಡಿದು ಸುಮ್ಮನೆ ಹೋಗುವುದಿಲ್ಲ, ಜ್ವರ ಬಿಟ್ಟು ಹೋಗುತ್ತದೆ. ಒಂದು ಮಳೆಗಾಲದ ಸಂಜೆ ಕೆಂಚನ ಕೆಳರೆಪ್ಪೆಯ ಒಳಭಾಗ ಎಂದಿನ ಕೆಂಪಿನಲ್ಲಿರಲಿಲ್ಲ. ಊಟ ಮಾಡಿದ್ದ, ಬಾಲವನ್ನೂ ಆಡಿಸುತ್ತಿದ್ದ. ಹೊಟ್ಟೆಯ ಮೇಲಿನ ಕೂದಲು ಸರಿಸಿ ನೋಡಿದರೆ ಸಾಸಿವೆ ಕಾಳಿಗಿಂತ ಚಿಕ್ಕ ಕೆಂಪು ಚುಕ್ಕೆಗಳು, ಒತ್ತಿದರೂ ಮಾಸುತ್ತಿರಲಿಲ್ಲ. ಥರ್ಮಾಮೀಟರ್ 103.8 ತೋರಿಸಿತು. ಮರುದಿನ ಬೆಳಿಗ್ಗೆಯೇ ಪಶು ಆಸ್ಪತ್ರೆಗೆ ಕರೆದುಕೊಂಡು ಹೋದೆ. ರಕ್ತ ಪರೀಕ್ಷೆಯಲ್ಲಿ ಪ್ಲೇಟ್‌ಲೆಟ್ ಇಳಿದಿತ್ತು, ಎರ್ಲಿಕಿಯಾ ಎಂಬ ಉಣ್ಣೆ ಜ್ವರ ಎಂದು ಗೊತ್ತಾಯಿತು. "ಅಮ್ಮ, ಮೂಗಿನಿಂದ ರಕ್ತ ಬಂದ ಮೇಲೆ ತರುವವರೇ ಹೆಚ್ಚು. ನೀವು ಬೇಗ ಬಂದಿದ್ದೀರಿ" ಎಂದರು ವೈದ್ಯರು. ಬಬೇಸಿಯಾ ಎಂಬ ಇನ್ನೊಂದು ಉಣ್ಣೆ ಜ್ವರವೂ ಇದೆ. ಅದಕ್ಕೆ ಚಿಕಿತ್ಸೆಯೇ ಬೇರೆ, ಆದ್ದರಿಂದ ರಕ್ತ ಪರೀಕ್ಷೆ ಮಾಡಿಸದೆ ಅಂದಾಜಿನ ಮೇಲೆ ಔಷಧಿ ಕೊಡಬಾರದು.

ಕೆಂಚನಿಗೆ ಡಾಕ್ಸಿಸೈಕ್ಲಿನ್ ಗುಳಿಗೆ ಬರೆದುಕೊಟ್ಟರು, 28 ದಿನಗಳ ಚಿಕಿತ್ಸೆ. ಕೆಲವೇ ದಿನಗಳಲ್ಲಿ ಅವನು ಮೊದಲಿನಂತೆ ಓಡಾಡತೊಡಗಿದ. ಪಕ್ಕದ ಮನೆಯವಳು "ಅಕ್ಕ, ಈಗ ಚೆನ್ನಾಗಿ ತಿನ್ನುತ್ತಿದ್ದಾನಲ್ಲ, ಇನ್ನೂ ಯಾಕೆ ಗುಳಿಗೆ?" ಎಂದು ಕೇಳಿದಳು. ನಡುವೆ ನಿಲ್ಲಿಸಿದರೆ ರೋಗಾಣು ಮೈಯಲ್ಲೇ ಅಡಗಿ ಉಳಿಯುತ್ತದೆ, ಮುಂದೆ ಎಲುಬಿನ ಮಜ್ಜೆಯನ್ನೇ ಕೆಡಿಸಬಹುದು. ಕೊನೆಯ ಗುಳಿಗೆಯವರೆಗೂ ಕೊಟ್ಟೆ. ಈ ಗುಳಿಗೆಯನ್ನು ಖಾಲಿ ಹೊಟ್ಟೆಗೆ ಕೊಟ್ಟರೆ ವಾಂತಿಯಾಗುತ್ತದೆ, ಹಾಲು ಮೊಸರಿನ ಜೊತೆ ಕೊಟ್ಟರೆ ಅವುಗಳ ಕ್ಯಾಲ್ಸಿಯಂ ಔಷಧಿಯನ್ನು ಹಿಡಿದುಕೊಂಡು ಮೈಗೆ ಹತ್ತಲು ಬಿಡುವುದಿಲ್ಲ. ನಾನು ಬೇಯಿಸಿದ ಕೋಳಿ ಈಲಿಯೊಳಗೆ ಅಡಗಿಸಿ ಕೊಟ್ಟು, ಮೇಲೆ ನೀರು ಕುಡಿಸುತ್ತಿದ್ದೆ. ಈಗ ವೈದ್ಯರು ಹೇಳಿದಂತೆ, ತೂಕಕ್ಕೆ ತಕ್ಕ ಉಣ್ಣೆ ನಿವಾರಕ ಗುಳಿಗೆಯನ್ನು ಅವಧಿ ತಪ್ಪದಂತೆ ಕೊಡುತ್ತೇನೆ. ಆದರೂ ಸಂಜೆಯ ತಪಾಸಣೆ ನಿಲ್ಲಿಸಿಲ್ಲ.

ಬೆಕ್ಕು ಸಾಕಿದವರು ಇಲ್ಲಿ ಒಂದು ಮಾತನ್ನು ಮನಸ್ಸಿಗೆ ಹಾಕಿಕೊಳ್ಳಲೇಬೇಕು. ನಾಯಿಗೆಂದು ಮಾರುವ ಉಣ್ಣೆಯ ಹನಿ ಔಷಧಿಗಳಲ್ಲಿ ಕೆಲವಕ್ಕೆ ಪರ್ಮೆಥ್ರಿನ್ ಸೇರಿಸಿರುತ್ತಾರೆ. ನಾಯಿಗೆ ಅದು ಔಷಧಿ, ಬೆಕ್ಕಿಗೆ ಪ್ರಾಣ ತೆಗೆಯುವ ವಿಷ: ಮೈ ನಡುಗಿ, ಸೆಳವು ಬಂದು ಸಾಯುತ್ತದೆ. ದನಗಳ ಮೈ ತೊಳೆಯುವ ಅಮಿಟ್ರಾಜ್ ಕೂಡ ಬೆಕ್ಕಿಗೆ ಸಲ್ಲದು. ಸುಬ್ಬಿ ಕೆಂಚನ ಹೊಟ್ಟೆಗೆ ಒರಗಿ ಮಲಗುವವಳು. ಅದಕ್ಕೇ ಚರ್ಮಕ್ಕೆ ಹಚ್ಚುವ ಔಷಧಿಯನ್ನು ಬಿಟ್ಟು ಗುಳಿಗೆಯನ್ನು ಆರಿಸಿಕೊಂಡೆ.

ಈಗ ಅಡುಗೆಮನೆ. ನನ್ನ ತವರು ಚಳ್ಳಕೆರೆ ಕಡೆ. ಈರುಳ್ಳಿ ಬೆಳೆಯುವ ಜಿಲ್ಲೆ ನಮ್ಮದು, ಸುಗ್ಗಿಯ ಹೊತ್ತಿಗೆ ಮನೆಗೆ ಚೀಲಗಟ್ಟಲೆ ಈರುಳ್ಳಿ ಬರುತ್ತದೆ. ಈ ಈರುಳ್ಳಿ, ಬೆಳ್ಳುಳ್ಳಿಗಳು ನಾಯಿ ಬೆಕ್ಕುಗಳ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಬೆಕ್ಕಿಗೆ ಅದರ ತೂಕದ ಒಂದೊಂದು ಕಿಲೋಗೆ ಐದು ಗ್ರಾಂ ಈರುಳ್ಳಿಯಾದರೂ ಸಾಕು, ತೊಂದರೆ ಶುರುವಾಗುತ್ತದೆ. ಹಸಿಯಾಗಿದ್ದರೂ ಬೇಯಿಸಿದರೂ ಹುರಿದರೂ ಅದರ ಗುಣ ಹೋಗುವುದಿಲ್ಲ, ಲಕ್ಷಣ ಕಾಣಿಸುವುದು ಕೆಲವು ದಿನಗಳ ಮೇಲೆ. ನಾಯಿಗೆ ಯಾರೂ ಈರುಳ್ಳಿ ಹೆಚ್ಚಿ ಹಾಕುವುದಿಲ್ಲ ನಿಜ. ಆದರೆ ಉಳಿದ ಸಾರು ಅನ್ನ ಕಲಸಿ ಹಾಕುವ ಮನೆಗಳಲ್ಲಿ ದಿನವೂ ಸ್ವಲ್ಪ ಸ್ವಲ್ಪ ಹೊಟ್ಟೆ ಸೇರುತ್ತದೆ. ಹಾಗಾಗಿ ಬೇಳೆ, ಮಾಂಸ ಬೆಂದ ಕೂಡಲೇ, ಒಗ್ಗರಣೆ ಮಸಾಲೆ ಹಾಕುವ ಮೊದಲೇ, ಅವುಗಳ ಪಾಲನ್ನು ತೆಗೆದಿಡುತ್ತೇನೆ. ಬೇಯಿಸಿದ ಮೂಳೆ ಹಾಕುವುದಿಲ್ಲ, ಅದು ಚೂಪಾಗಿ ಸೀಳಿ ಕರುಳಿಗೆ ಚುಚ್ಚುತ್ತದೆ. ಹಬ್ಬದ ಬಾಡೂಟ ಮುಗಿದಾಗ ಬಾಳೆ ಎಲೆಗಳನ್ನು ಬಾಗಿಲ ಬಳಿ ಬಿಡದೆ ಚೀಲದಲ್ಲಿ ಕಟ್ಟಿಡುತ್ತೇವೆ. ಪಾಯಸ, ಕೇಸರಿಬಾತ್‌ಗಳ ಒಣದ್ರಾಕ್ಷಿ ನಾಯಿಯ ಮೂತ್ರಪಿಂಡ ಕೆಡಿಸುತ್ತದೆ. ಚಾಕೊಲೇಟ್ ಕೂಡ ವಿಷ. ಮಕ್ಕಳಿಗೆ ಇದನ್ನು ಒಮ್ಮೆ ಹೇಳಿದರೆ ಸಾಲದು, ಹೇಳುತ್ತಲೇ ಇರಬೇಕು.

ಗುಳಿಗೆಯ ವಿಷಯಕ್ಕೆ ಬರುತ್ತೇನೆಂದಿದ್ದೆ. ಪ್ಯಾರಸಿಟಮಾಲ್ ಬೆಕ್ಕನ್ನು ಕೊಲ್ಲುತ್ತದೆ. ಅದನ್ನು ಕರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಪಿತ್ತಜನಕಾಂಗಕ್ಕೆ ಇಲ್ಲ; ಒಂದೇ ಗುಳಿಗೆ ಸಾಕು, ವಸಡು ಕಂದು ಬಣ್ಣಕ್ಕೆ ತಿರುಗಿ, ಮುಖ ಊದಿ, ಉಸಿರು ಕಟ್ಟುತ್ತದೆ. ನೋವಿನ ಗುಳಿಗೆಗಳಾದ ಐಬುಪ್ರೊಫೆನ್, ಡೈಕ್ಲೊಫೆನಾಕ್ ನಾಯಿಗೂ ಅಪಾಯ. ಮಗುವಿಗೆ ಕೊಡುವುದನ್ನೇ ಪ್ರೀತಿಯಿಂದ ಇವಕ್ಕೂ ಕೊಡುವವರನ್ನು ಕಂಡಾಗ ನನಗೆ ಎದೆ ಝಲ್ಲೆನ್ನುತ್ತದೆ. ಮನುಷ್ಯರ ಔಷಧಿ ಡಬ್ಬಿಯನ್ನು ನಾವು ಬೀಗವಿರುವ ಕಪಾಟಿನಲ್ಲಿ ಇಡುತ್ತೇವೆ.

ಇಲಿ ಪಾಷಾಣವನ್ನಂತೂ ಮನೆಯಲ್ಲೇ ಇಡುವುದಿಲ್ಲ, ಇಲಿಗೆ ಬೋನು ಇಡುತ್ತೇವೆ. ಕೇಕಿನಂತೆ ಬರುವ ಬ್ರೊಮಾಡಿಯೊಲೋನ್ ತಿಂದ ನಾಯಿ ಮೊದಲ ದಿನಗಳಲ್ಲಿ ಏನೂ ಆಗದಂತೆ ಇದ್ದು, ಮೂರರಿಂದ ಐದು ದಿನಗಳ ಮೇಲೆ ಒಳಗೊಳಗೇ ರಕ್ತ ಸೋರಿ ಕುಸಿಯುತ್ತದೆ. ತಿಂದದ್ದು ಗೊತ್ತಾದರೆ ಲಕ್ಷಣಕ್ಕೆ ಕಾಯದೆ ಆ ಪ್ಯಾಕೆಟ್ಟನ್ನೂ ಹಿಡಿದು ಆಸ್ಪತ್ರೆಗೆ ಓಡಬೇಕು. ಅದಕ್ಕೆ ವಿಟಮಿನ್ ಕೆ1 ಎಂಬ ಪ್ರತಿವಿಷ ಇದೆ. ಜಿಂಕ್ ಫಾಸ್ಫೈಡ್ ಎಂಬ ಇನ್ನೊಂದು ಇಲಿ ಪಾಷಾಣಕ್ಕೆ ಪ್ರತಿವಿಷವೇ ಇಲ್ಲ. ವಾಂತಿ ಮಾಡಿಸಲೆಂದು ಉಪ್ಪುನೀರು ಕುಡಿಸುವುದು ಇನ್ನೊಂದು ಅಪಾಯ.

ಲಸಿಕೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ, ಆಸ್ಪತ್ರೆಯಲ್ಲಿ ಕೊಡುವ ಕಾರ್ಡಿನಲ್ಲಿ ಎಲ್ಲ ಇರುತ್ತದೆ. ಮರಿಗೆ ಆರರಿಂದ ಎಂಟು ವಾರವಾದಾಗ ಪಾರ್ವೊ, ಡಿಸ್ಟೆಂಪರ್ ಲಸಿಕೆ ಶುರುವಾಗಬೇಕು, ಆ ಸುತ್ತು ಮುಗಿಯುವವರೆಗೆ ಮರಿಯನ್ನು ಬೀದಿಯ ಮಣ್ಣಿಗೆ ಬಿಡಬಾರದು. ಪಾರ್ವೊ ವೈರಾಣು ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಮೂರು ತಿಂಗಳಿಗೆ ರೇಬಿಸ್ ಲಸಿಕೆ, ಆಮೇಲೆ ವೈದ್ಯರು ಹೇಳಿದಂತೆ ಮತ್ತೊಂದು, ಮುಂದೆ ವರ್ಷಕ್ಕೊಮ್ಮೆ. ಬೆಕ್ಕಿಗೂ ರೇಬಿಸ್ ಲಸಿಕೆ ಬೇಕು, ಇದನ್ನು ಮರೆಯುವವರೇ ಹೆಚ್ಚು. ಸೆಪ್ಟೆಂಬರ್ 28 ವಿಶ್ವ ರೇಬಿಸ್ ದಿನ. ಮೂರಕ್ಕೂ ಆ ವಾರದಲ್ಲೇ ಹಾಕಿಸುವ ರೂಢಿ ಇಟ್ಟುಕೊಂಡಿದ್ದೇನೆ, ನೆನಪಿಡಲು ಸುಲಭ. ಯಾವ ನಾಯಿ ಬೆಕ್ಕು ಕಚ್ಚಿದರೂ ಪರಚಿದರೂ ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು, ಅಂದೇ ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ರೇಬಿಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಉಳಿಸಿಕೊಳ್ಳುವ ಚಿಕಿತ್ಸೆ ಇಲ್ಲ.

ಬೇಸಿಗೆಯಲ್ಲಿ ನಮ್ಮ ಬಂಡೆಗಳು ಹೊತ್ತು ಮುಳುಗಿದ ಮೇಲೂ ಬಿಸಿ ಉಗುಳುತ್ತವೆ. ನಾಯಿಗೆ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ, ನಾಲಿಗೆ ಚಾಚಿ ತೇಕುವುದೇ ಅದರ ದಾರಿ. ಮಾರ್ಚ್‌ನಿಂದ ಮೇ ಮುಗಿಯುವವರೆಗೆ ಕೆಂಚನ ತಿರುಗಾಟ ಬೆಳಕು ಹರಿಯುವ ಹೊತ್ತಿಗೆ ಮಾತ್ರ. ಅಂಗೈಯ ಹಿಂಭಾಗವನ್ನು ರಸ್ತೆಯ ಮೇಲೆ ಏಳು ಸೆಕೆಂಡು ಇಡಲಾಗದಿದ್ದರೆ ಅದರ ಪಾದಕ್ಕೂ ಆ ರಸ್ತೆ ಸಲ್ಲದು. ತಗಡಿನ ಚಾವಣಿಯ ಕೆಳಗೆ ಕಟ್ಟುವುದಿಲ್ಲ. ಬಿಸಿಲಿಗೆ ಸಿಕ್ಕಿ ತೂರಾಡುವ, ಜೊಲ್ಲು ಗಟ್ಟಿಯಾಗಿ ಇಳಿಯುವ ನಾಯಿಯ ಮೈಗೆಲ್ಲ ನಲ್ಲಿಯ ನೀರು ಸುರಿದು, ಫ್ಯಾನ್ ಹಾಕಿ, ಹಾಗೇ ಒದ್ದೆ ಮೈಯಲ್ಲೇ ಆಸ್ಪತ್ರೆಗೆ ಒಯ್ಯಬೇಕು.

ಕೋಟೆಯ ಕಲ್ಲುಗಳ ನಡುವೆ ಬದುಕುವವರಿಗೆ ಹಾವಿನ ಸಹವಾಸ ತಪ್ಪದು. ನಾಗರಹಾವು, ಕೊಳಕುಮಂಡಲ, ಕಟ್ಟುಹಾವು, ಗರಗಸಮಂಡಲ ಈ ನಾಲ್ಕಕ್ಕೂ ಮನುಷ್ಯರಿಗೆ ಕೊಡುವ ಪ್ರತಿವಿಷವನ್ನೇ ನಾಯಿಗೂ ಕೊಡುತ್ತಾರೆ. ಕಚ್ಚಿದ ಜಾಗ ಕೊಯ್ಯಬಾರದು, ಬಿಗಿದು ಕಟ್ಟಬಾರದು, ನಡೆಸದೆ ಎತ್ತಿಕೊಂಡೇ ಹೋಗಬೇಕು. ಪ್ರತಿವಿಷ ಎಲ್ಲಿ ಸಿಗುತ್ತದೆ, ರಾತ್ರಿ ಯಾರು ಬಾಗಿಲು ತೆರೆಯುತ್ತಾರೆ ಎಂಬುದನ್ನು ಮಳೆಗಾಲಕ್ಕೆ ಮುಂಚೆಯೇ ಫೋನ್ ಮಾಡಿ ತಿಳಿದುಕೊಂಡು ಬರೆದಿಟ್ಟಿರುತ್ತೇನೆ. ಇಲ್ಲಿ ಸಿಗದಿದ್ದರೆ ದಾವಣಗೆರೆ ಸುಮಾರು 60 ಕಿಲೋಮೀಟರ್. ಇನ್ನೂ ದೊಡ್ಡ ಚಿಕಿತ್ಸೆಗೆ ಶಿವಮೊಗ್ಗದಲ್ಲಿ ಪಶುವೈದ್ಯಕೀಯ ಕಾಲೇಜು ಇದೆ. ಬಾಡಿಗೆ ಕಾರಿನವರ ಪೈಕಿ ಪ್ರಾಣಿಗಳನ್ನು ಹತ್ತಿಸಿಕೊಳ್ಳುವವರ ನಂಬರೂ ಅದೇ ಚೀಟಿಯಲ್ಲಿದೆ.

ಗಂಡು ಬೆಕ್ಕು ಸಾಕಿದವರಿಗೆ ಇನ್ನೊಂದು ವಿಷಯ. ಬೂದ ಮರಳಿನ ಟ್ರೇಗೆ ಮತ್ತೆ ಮತ್ತೆ ಹೋಗಿ, ಮುಕ್ಕರಿಸಿ, ಮೂತ್ರ ಬಾರದೆ ಕೂಗಿದರೆ ಅದನ್ನು ಮಲಬದ್ಧತೆ ಎಂದು ತಿಳಿದು ಹರಳೆಣ್ಣೆ ಕುಡಿಸುತ್ತ ಕೂರುವುದಿಲ್ಲ. ಮೂತ್ರನಾಳ ಕಟ್ಟಿಕೊಂಡರೆ ಒಂದೆರಡು ದಿನದಲ್ಲಿ ಪ್ರಾಣ ಹೋಗುತ್ತದೆ, ಹೊತ್ತಲ್ಲದ ಹೊತ್ತಾದರೂ ಹೊರಡಬೇಕು. ಹಾಗೆ ಹೊರಡಬೇಕಾದಾಗ ಬೆಕ್ಕನ್ನು ಹಿಡಿಯುವುದೇ ಕಷ್ಟ. ಆದ್ದರಿಂದ ಮುಚ್ಚಳವಿರುವ ಬುಟ್ಟಿಯನ್ನು ಅಟ್ಟದ ಮೇಲೆ ಎತ್ತಿಡದೆ, ಹಳೆಯ ಸೀರೆ ಹಾಸಿ ಪಡಸಾಲೆಯಲ್ಲೇ ಇಟ್ಟಿದ್ದೇನೆ. ಬೂದನಿಗೆ ಅದರೊಳಗೇ ಮೀನು ಹಾಕುತ್ತೇನೆ, ಅವನು ತಿನ್ನುವಾಗ ಮುಚ್ಚಳ ಹಾಕಿ ತೆಗೆಯುತ್ತೇನೆ. ಈಗ ಹೊರಗೆ ಕರೆದೊಯ್ಯಬೇಕಾದಾಗ ಬುಟ್ಟಿಯ ಮುಚ್ಚಳ ತೆರೆದರೆ ಸಾಕು, ತಾನೇ ಒಳಗೆ ಹೋಗಿ ಕುಳಿತುಕೊಳ್ಳುತ್ತಾನೆ.