ಕೆಂಪು ಚುಕ್ಕೆ ಯಾವುದಕ್ಕೆ?

2025ರ ಮೇ 7ರ ಬೆಳಿಗ್ಗೆ. ಗ್ಯಾಲರಿಯ ಬೀಗ ಕೈಯಲ್ಲಿ ಹಿಡಿದು ನಮ್ಮ ವಾಚ್‌ಮನ್ ಬಾಗಿಲಲ್ಲೇ ನಿಂತಿದ್ದರು. "ಮೇಡಂ, ಇವತ್ತು ತೆಗೀಬೇಕಾ? ಯುದ್ಧ ಅಂತ ಟೀವೀಲಿ ಬತ್ತಾ ಐತಲ್ಲ."

ರಾತ್ರಿಯಷ್ಟೇ ಆಪರೇಷನ್ ಸಿಂಧೂರ ನಡೆದಿತ್ತು. ಅವತ್ತೇ ದೇಶದ ಹಲವು ಕಡೆ ಮಾಕ್ ಡ್ರಿಲ್ ಬೇರೆ. ಮೈಸೂರು ಎಲ್ಲಿ, ಗಡಿ ಎಲ್ಲಿ ಅಂತ ನಕ್ಕು, ತೆಗೆಯಿರಿ ಎಂದೆ. ಒಳಗೆ ಹೋಗಿ ಕುರ್ಚಿಯಲ್ಲಿ ಕೂತ ಮೇಲೆ ನಗು ನಿಂತಿತು. ಅರ್ಧ ಗಂಟೆಯಲ್ಲಿ ಖಾಲಿ ಮಾಡಿ ಅಂತ ಯಾರಾದರೂ ಬಂದು ಹೇಳಿದರೆ ಮೊದಲು ಯಾವುದನ್ನು ಎತ್ತಬೇಕು? ಹನ್ನೊಂದು ವರ್ಷದಿಂದ ಈ ಗ್ಯಾಲರಿ ನೋಡಿಕೊಳ್ಳುತ್ತಿದ್ದೇನೆ. ನನಗೆ ಗೊತ್ತಿರಲಿಲ್ಲ.

ನಮ್ಮದು ಹಳೇ ಮನೆಯೊಂದರಲ್ಲಿ ಟ್ರಸ್ಟ್ ನಡೆಸುವ ಚಿಕ್ಕ ಜಾಗ. ಮೈಸೂರು ಶೈಲಿಯ ದೇವರ ಚಿತ್ರಗಳು, ಕೆಲವು ಜಲವರ್ಣ, ಗಂಜೀಫಾ ಎಂಬ ಹಳೇ ಆಟದ ಒಂದು ಕಟ್ಟು ಎಲೆಗಳು, ಹಳೇ ಫೋಟೋಗಳು. ಕೆಲಸದವರು ನಾಲ್ಕೇ ಜನ. ಆ ಮಧ್ಯಾಹ್ನ ನಾಲ್ವರೂ ಸೇರಿ ಚಿತ್ರಗಳ ಹಿಂಬದಿಗೆ ಚುಕ್ಕೆ ಅಂಟಿಸಲು ಕೂತೆವು. ಕೆಂಪು ಅಂದರೆ ಮೊದಲು ಹೋಗುವುದು. ಹಳದಿ ಅಂದರೆ ಸಮಯವಿದ್ದರೆ. ಚುಕ್ಕೆ ಇಲ್ಲದ್ದು ದೇವರ ಮೇಲೆ ಭಾರ.

ಟ್ರಸ್ಟಿನ ಹಿರಿಯರೊಬ್ಬರು ಫೋನಿನಲ್ಲಿ, "ನೋಡಮ್ಮ, ಜಾಸ್ತಿ ಬೆಲೆ ಇರೋದಕ್ಕೆ ಕೆಂಪು ಹಾಕು, ಅಷ್ಟೆ" ಎಂದರು. ಅಷ್ಟೇ ಅಲ್ಲ ಅಂತ ಕೂತು ನೋಡಿದಾಗ ತಿಳಿಯಿತು. ಚಿನ್ನದ ರೇಕು ಮಿಂಚುವ ದೊಡ್ಡ ಪಟ್ಟಾಭಿಷೇಕದ ಚಿತ್ರಕ್ಕೆ ಬೆಲೆ ಜಾಸ್ತಿ, ನಿಜ. ಆದರೆ ಅದೇ ವಸ್ತುವಿನ ಚಿತ್ರಗಳು ಬೇರೆ ಕಡೆಯೂ ಇವೆ. ಚಿತ್ರಗಾರರ ಮನೆಯೊಂದರಿಂದ ಬಂದ ಕರಡುಗಳ ಕಟ್ಟಿಗೆ ಸಂತೆಯಲ್ಲಿ ಕಿಲುಬು ಕಾಸೂ ಹುಟ್ಟುವುದಿಲ್ಲ. ಅಂಥದ್ದು ಇನ್ನೆಲ್ಲೂ ಇಲ್ಲ. ಕೆಂಪು ಅದಕ್ಕೆ ಹೋಯಿತು. ಎಲ್ಲಕ್ಕಿಂತ ಮೊದಲ ಕೆಂಪು ಚುಕ್ಕೆ ಬಿದ್ದದ್ದು ಚಿತ್ರಕ್ಕೇ ಅಲ್ಲ, ದಾಖಲೆ ರಿಜಿಸ್ಟರಿಗೆ. ಅದು ಕಳೆದರೆ ಯಾವ ಚಿತ್ರ ನಮ್ಮದು ಅಂತ ತೋರಿಸಲು ಏನಿದೆ? ಪ್ರತಿ ಪುಟದ ಫೋಟೋ ತೆಗೆದು ಮೂವರ ಫೋನಿನಲ್ಲಿ ಇಟ್ಟೆವು. ಒಂದು ಜೆರಾಕ್ಸ್ ಪ್ರತಿ ಬೇರೆ ಬಡಾವಣೆಯ ಮನೆಗೆ ಹೋಯಿತು.

ಪಟ್ಟಾಭಿಷೇಕದ ಚಿತ್ರ ಇನ್ನೊಂದು ಪಾಠ ಕಲಿಸಿತು. ಟೇಪು ಹಿಡಿದು ಅಳೆದರೆ ಫ್ರೇಮು ನಮ್ಮ ಬಾಗಿಲಿಗಿಂತ ನಾಲ್ಕು ಇಂಚು ಅಗಲ! ಒಳಗೆ ಬಂದದ್ದಾದರೂ ಹೇಗೆ? ಮನೆ ರಿಪೇರಿಗೆ ಮುಂಚೆ ಅಲ್ಲಿ ಜೋಡಿ ಬಾಗಿಲಿತ್ತಂತೆ. ಎರಡನೇ ಮಹಾಯುದ್ಧದಲ್ಲಿ ಲಂಡನ್ನಿನ ನ್ಯಾಷನಲ್ ಗ್ಯಾಲರಿಗೂ ಇದೇ ಫಜೀತಿ ಬಂದಿತ್ತು. ಚಿತ್ರಗಳನ್ನು 1939ರಲ್ಲೇ ವೇಲ್ಸಿಗೆ ಸಾಗಿಸಿದ್ದರು. 1941ರಲ್ಲಿ ಅವನ್ನು ಅಲ್ಲಿನ ಮ್ಯಾನೋಡ್ ಎಂಬ ಸ್ಲೇಟ್ ಕಲ್ಲಿನ ಗಣಿಗೆ ಸೇರಿಸುವಾಗ, ವ್ಯಾನ್ ಡೈಕ್ ಬರೆದ ಕುದುರೆ ಏರಿದ ರಾಜ ಒಂದನೇ ಚಾರ್ಲ್ಸ್‌ನ ಚಿತ್ರ ರೈಲು ಸೇತುವೆಯ ಕೆಳಗೆ ಹಿಡಿಸಲಿಲ್ಲ. ಕೊನೆಗೆ ರಸ್ತೆಯನ್ನೇ ಅಗೆದು ತಗ್ಗಿಸಿದರು. ನಮಗೆ ಗೋಡೆ ಒಡೆಯುವ ಯೋಗ್ಯತೆ ಎಲ್ಲಿ ಬರಬೇಕು. ಅದನ್ನು ಇದ್ದಲ್ಲೇ ಬಿಟ್ಟು, ಗಾಜಿನ ಮೇಲೆ ಮಾಸ್ಕಿಂಗ್ ಟೇಪನ್ನು ನಕ್ಷತ್ರದ ಹಾಗೆ ಅಂಟಿಸಿದೆವು. ಗಾಜು ಒಡೆದರೂ ಚೂರು ಅಷ್ಟು ಸುಲಭವಾಗಿ ಚಿತ್ರದ ಮೇಲೆ ಬೀಳುವುದಿಲ್ಲ. ಅಕ್ರಿಲಿಕ್ ಹಾಳೆ ಇದ್ದ ಕಡೆ ಟೇಪು ಹಚ್ಚಲಿಲ್ಲ. ಅದು ಹಾಗೆ ಚೂರಾಗುವುದಿಲ್ಲ, ಅಂಟು ಮಾತ್ರ ಉಳಿದುಬಿಡುತ್ತದೆ.

ಈ ನಡುವೆ ಸಹಾಯಕ್ಕೆ ಬಂದ ಹುಡುಗನೊಬ್ಬ ನೀಲಿ ಬಿಳಿ ಬಣ್ಣದ ಡಬ್ಬಿ ತಂದು, ತಾರಸಿ ಮೇಲೆ ಗುರಾಣಿ ಗುರುತು ಬರೆಯುತ್ತೇನೆ ಎಂದ. 1954ರ ಹೇಗ್ ಒಪ್ಪಂದದ ಗುರುತು ಅದು. ಯುದ್ಧದಲ್ಲಿ ಇಂಥ ಕಟ್ಟಡಗಳನ್ನು ಮುಟ್ಟಬೇಡಿ ಅಂತ ಅರ್ಥ. ಯಾರು ಬೇಕಾದರೂ ಬರೆಯುವ ಹಾಗಿಲ್ಲ, ಸರ್ಕಾರದ ಕಡೆಯಿಂದ ಅಧಿಕೃತ ಅನುಮತಿ ಬೇಕು ಅಂತ ಹೇಳಿ ಇಳಿಸಿದೆ. ಆ ಬಣ್ಣ ಆಮೇಲೆ ಗೇಟಿಗೆ ಆಯಿತು.

ಕೆಂಪು ಚುಕ್ಕೆಯವನ್ನು 8ರಂದು ಗೋಡೆಯಿಂದ ಇಳಿಸಿದೆವು. ಒಂದೊಂದಕ್ಕೂ ಇಬ್ಬರು. ಫ್ರೇಮಿನ ಮೇಲಿನ ಪಟ್ಟಿ ಹಿಡಿದು ಎತ್ತಬಾರದು. ಒಂದು ಕೈ ಕೆಳಗೆ, ಇನ್ನೊಂದು ಪಕ್ಕಕ್ಕೆ. ಒಗೆದ ಹತ್ತಿಯ ಹಳೇ ಬೆಡ್‌ಶೀಟಿನಲ್ಲಿ ಸುತ್ತಿ, ಮುಖಕ್ಕೆ ಮುಖ, ಬೆನ್ನಿಗೆ ಬೆನ್ನು ಕೊಟ್ಟು, ನಡುವೆ ರಟ್ಟು ಇಟ್ಟು ಮರದ ಹಲಗೆಯ ಮೇಲೆ ನಿಲ್ಲಿಸಿದೆವು. ಜಾಗ ಯಾವುದು ಅಂದರೆ ಹಿಂದಿನ ಉಗ್ರಾಣ. ಕಿಟಕಿ ಇಲ್ಲ, ಗೋಡೆ ದಪ್ಪ. ಇದಕ್ಕಿಂತ ಭದ್ರ ಎಲ್ಲಿದೆ ಅಂದುಕೊಂಡೆ. ತಪ್ಪು ಆಗಿದ್ದು ಅಲ್ಲೇ. ಆ ಕಥೆಗೆ ಆಮೇಲೆ ಬರುತ್ತೇನೆ.

ಪಟ್ಟಾಭಿಷೇಕ ಬಿಟ್ಟರೆ ಗೋಡೆಯಲ್ಲಿ ಬರೀ ಮೊಳೆಗಳು ಉಳಿದವು. ಮುಚ್ಚಿಬಿಡಿ ಅಂದವರೇ ಜಾಸ್ತಿ. ನನಗೆ ಮನಸ್ಸಾಗಲಿಲ್ಲ. ರಷ್ಯಾದ ಲೆನಿನ್‌ಗ್ರಾಡಿನ ಹರ್ಮಿಟೇಜ್ ಮ್ಯೂಸಿಯಮ್ಮಿನವರು 1941ರಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ವಸ್ತುಗಳನ್ನು ಎರಡು ರೈಲುಗಳಲ್ಲಿ ಸಾಗಿಸಿದಾಗ ಖಾಲಿ ಫ್ರೇಮುಗಳನ್ನು ಗೋಡೆಯಲ್ಲೇ ಬಿಟ್ಟಿದ್ದರು. ಅಲ್ಲಿ ಕೆಲಸಕ್ಕೆ ನೆರವಾದ ಸೈನಿಕರಿಗೆ, ಗೈಡ್ ಒಬ್ಬರು ಆ ಖಾಲಿ ಫ್ರೇಮುಗಳ ಮುಂದೆ ನಿಂತು ಇಲ್ಲದ ಚಿತ್ರಗಳನ್ನು ವಿವರಿಸಿದ್ದರು. ಲಂಡನ್ನಿನಲ್ಲಿ ಖಾಲಿ ಗ್ಯಾಲರಿಯೊಳಗೆ ಪಿಯಾನೋ ವಾದಕಿ ಮೈರಾ ಹೆಸ್ ಮಧ್ಯಾಹ್ನದ ಕಛೇರಿಗಳನ್ನು ಶುರು ಮಾಡಿದರು. ಯುದ್ಧದುದ್ದಕ್ಕೂ 1,600ಕ್ಕೂ ಹೆಚ್ಚು ಕಛೇರಿ ನಡೆದವು. 1942ರಿಂದ ತಿಂಗಳಿಗೊಂದು ಚಿತ್ರವನ್ನು ಗಣಿಯಿಂದ ತಂದು ಒಂದನ್ನೇ ತೂಗುಹಾಕಿದರು.

ನಾವೂ ಒಂದೇ ಚಿತ್ರ ಇಟ್ಟೆವು. ಹಳದಿ ಚುಕ್ಕೆಯ ಒಂದು ಜಲವರ್ಣ, ಈಸೆಲ್ ಮೇಲೆ, ಮುಂದೆ ಒಂದು ಚಾಪೆ. ಬೇಸಿಗೆ ಶಿಬಿರದ ಮಕ್ಕಳು ಬಂದರು. ನೂರು ಚಿತ್ರ ಇದ್ದಾಗ ಐದು ನಿಮಿಷದಲ್ಲಿ ಓಡುತ್ತಿದ್ದವರು, ಒಂದೇ ಇದ್ದಾಗ ಅರ್ಧ ಗಂಟೆ ಕೂತರು. ಜಗನ್ಮೋಹನ ಅರಮನೆಯಲ್ಲಿ ಹಲ್ದಣ್‌ಕರ್ ಬರೆದ ದೀಪ ಹಿಡಿದ ಹೆಂಗಸಿನ ಚಿತ್ರದ ಮುಂದೆ ಜನ ನಿಲ್ಲುವ ಹಾಗೆ. ಒಬ್ಬಳು ಹುಡುಗಿ ಖಾಲಿ ಮೊಳೆ ತೋರಿಸಿ "ಅಲ್ಲಿ ಏನಿತ್ತು ಮಿಸ್?" ಎಂದಳು. ವಾಚ್‌ಮನ್ನೇ ಉತ್ತರ ಕೊಟ್ಟರು. "ಅಲ್ಲಿ ಚಾಮುಂಡವ್ವ ಇದ್ಲು ಕನವ್ವ. ಕೆಂಪು ಸೀರೆ, ಕಾಲ ಕೆಳಗೆ ಮಹಿಷ. ಅವನ ಮೀಸೆ ಒಂದು ಕಡೆ ಉದ್ದ, ಒಂದು ಕಡೆ ಮೋಟು." ಆ ಮೀಸೆಯನ್ನು ನಾನು ಯಾವತ್ತೂ ಗಮನಿಸಿರಲಿಲ್ಲ.

ಮೇ 10ರ ಸಂಜೆ ಕದನ ವಿರಾಮ ಅಂತ ಸುದ್ದಿ ಬಂತು. ಎಲ್ಲರೂ ಉಸ್ಸಪ್ಪಾ ಎಂದೆವು. ಇನ್ನೆರಡು ದಿನ ನೋಡೋಣ ಅಂತ ಚಿತ್ರಗಳನ್ನು ಉಗ್ರಾಣದಲ್ಲೇ ಬಿಟ್ಟೆ. ಎರಡು ದಿನ ಹನ್ನೆರಡಾಯಿತು. ಅಷ್ಟರಲ್ಲಿ ಮಳೆ ಹಿಡಿಯಿತು. ಬಾಗಿಲು ತೆಗೆದರೆ ಒದ್ದೆ ಮಣ್ಣಿನ ವಾಸನೆ. ಮೂರು ಚಿತ್ರಗಳ ಬೆನ್ನಿಗೆ ಬೂಷ್ಟು. ಮೈಸೂರು ಶೈಲಿಯಲ್ಲಿ ಒಡವೆ, ಕಂಬಗಳನ್ನು ಉಬ್ಬಿಸಲು ಸಫೇದ, ರೇವಣಚಿನ್ನಿ ಹಾಲು, ಗೋಂದು ಸೇರಿಸಿದ ಗೆಸ್ಸೋ ಎಂಬ ಲೇಪ ಹಚ್ಚುತ್ತಾರೆ. ತೇವ ಅದಕ್ಕೆ ಶತ್ರು. ಒಂದು ಚಿತ್ರದಲ್ಲಿ ಕಿರೀಟದ ಅಂಚು ಮೆತ್ತಗಾಗಿತ್ತು. ನಾನು ಅಳುವುದೊಂದು ಬಾಕಿ.

ಬಿಸಿಲಿಗೆ ಇಡೋಣ ಎಂದರು. ಬೇಡ ಎಂದೆ, ಬೇಗ ಒಣಗಿದರೆ ಗೆಸ್ಸೋ ಸಿಡಿಯುತ್ತದೆ. ನೆರಳಲ್ಲಿ ದೂರದಿಂದ ಫ್ಯಾನ್ ಗಾಳಿ ಆಡುವ ಹಾಗೆ ಬಿಟ್ಟು, ಪೂರ್ತಿ ಒಣಗಿದ ಮೇಲೆ ಮಾಸ್ಕ್ ಹಾಕಿಕೊಂಡು ಬೆನ್ನಿನ ಬೂಷ್ಟನ್ನು ಮೆತ್ತನೆ ಬ್ರಷ್‌ನಿಂದ ತೆಗೆದೆವು. ಮುಂಬದಿ ಮುಟ್ಟಲಿಲ್ಲ. ಕಿರೀಟವನ್ನು ಸಂರಕ್ಷಣೆ ಬಲ್ಲವರಿಗೆ ಒಪ್ಪಿಸಿದೆವು. ಮ್ಯಾನೋಡ್ ಗಣಿಯಲ್ಲಿ ಇಟ್ಟಿಗೆಯ ಕೋಣೆ ಕಟ್ಟಿ, ಬೆಚ್ಚಗಿನ ಗಾಳಿ ಬಿಟ್ಟು, ತೇವವನ್ನು ಒಂದೇ ಮಟ್ಟದಲ್ಲಿ ಹಿಡಿದಿಟ್ಟಿದ್ದರು. ಚಿತ್ರಗಳು ಲಂಡನ್ನಿಗಿಂತ ಗಣಿಯಲ್ಲೇ ಚೆನ್ನಾಗಿದ್ದವು. ಅದನ್ನೂ ನಾನು ಓದಿದ್ದೆ. ಸೇತುವೆಯ ಕಥೆಯನ್ನು ಎಲ್ಲರಿಗೂ ಹೇಳಿದವಳು ಈ ಭಾಗವನ್ನು ಹೇಗೆ ಮರೆತೆನೋ.

ಈಗ ಕೆಂಪು ಚುಕ್ಕೆಯವಕ್ಕೆ ಮೇಲಿನ ಮಹಡಿಯ ಒಳಕೋಣೆ. ಅಲ್ಲಿ ತೇವಾಂಶದ ಮೀಟರು ನೇತುಹಾಕಿದ್ದೇವೆ. ದಿನಾ ಬೆಳಿಗ್ಗೆ ವಾಚ್‌ಮನ್ ಅದನ್ನು ನೋಡಿ ಪುಸ್ತಕದಲ್ಲಿ ಬರೆಯುತ್ತಾರೆ. ಅಂಕಿ ಮೇಲೆ ಹೋದ ದಿನ ನನಗೆ ಫೋನ್ ಬರುತ್ತದೆ, ಭಾನುವಾರವಾದರೂ. ಪಟ್ಟಾಭಿಷೇಕದ ಚಿತ್ರ ಇದ್ದಲ್ಲೇ ಇದೆ. ಟೇಪು ತೆಗೆದಿದ್ದೇವೆ. ಬಾಗಿಲು ಅಗಲ ಮಾಡಲು ಬಡಗಿಯನ್ನು ಕರೆಸಿ ರೇಟು ಕೇಳಿದ್ದೇನೆ.