ಮೂವತ್ತು ಕಿಲೋಮೀಟರ್ ಓಟಕ್ಕೆ ಹಾಡೆಷ್ಟು, ಬೆಲ್ಲವೆಷ್ಟು?

ಗಂಗಾವತಿ ಕಡೆಯ ಕಾಲುವೆ ರಸ್ತೆಯಲ್ಲಿ ಒಂದು ಭಾನುವಾರ ಬೆಳಿಗ್ಗೆ ಓಡುವಾಗ ಅಜ್ಜ ಒಬ್ಬರು ಎದುರಾದರು. ಹೆಗಲ ಮೇಲೆ ಸಲಿಕೆ, ಗದ್ದೆಗೆ ನೀರು ಬಿಡಲು ಹೊರಟಿದ್ದರು. ನನ್ನನ್ನು ಮೇಲಿಂದ ಕೆಳಗೆ ನೋಡಿ, "ಯಾಕ್ರೀ ಸರ, ಬಸ್ ತಪ್ಪಿತೇನ್ರಿ?" ಅಂದರು. ಆಗ ನಾನು 22ನೇ ಕಿಲೋಮೀಟರ್‌ನಲ್ಲಿದ್ದೆ. ಇಯರ್‌ಫೋನ್ ಚಾರ್ಜ್ ಮುಗಿದು ಅರ್ಧ ಗಂಟೆಯಾಗಿತ್ತು. ಜೇಬಿನಲ್ಲಿದ್ದ ಚಿಕ್ಕಿ ಐದನೇ ಕಿಲೋಮೀಟರ್‌ನಲ್ಲೇ ಖಾಲಿ. ನಿಜ ಹೇಳ್ತೀನಿ, ಆ ಹೊತ್ತಿಗೆ ಬಸ್ಸೇನಾದರೂ ಬಂದಿದ್ದರೆ ಹತ್ತಿಬಿಡುತ್ತಿದ್ದೆ.

ತಪ್ಪು ಏನಾಗಿತ್ತು ಅಂದರೆ, ಮೈಯಲ್ಲಿ ಹುರುಪು ಇರುವಾಗಲೇ ಹಾಡು, ತಿಂಡಿ ಎರಡನ್ನೂ ಮುಗಿಸಿಕೊಂಡಿದ್ದೆ. ಮ್ಯಾರಥಾನ್ ಅಂದರೆ 42.195 ಕಿ.ಮೀ. ಅದಕ್ಕೆ ತಯಾರಿ ಮಾಡುವವರು ವಾರಕ್ಕೊಮ್ಮೆ ಉದ್ದ ಓಟ ಓಡುತ್ತಾರೆ, ನಿಧಾನವಾಗಿ ಏರಿಸುತ್ತಾ 30–32 ಕಿ.ಮೀ.ವರೆಗೆ ಒಯ್ಯುತ್ತಾರೆ. ಕಿಲೋಮೀಟರಿಗೆ 7 ನಿಮಿಷದಂತೆ ಓಡಿದರೂ 30ಕ್ಕೆ ಮೂರೂವರೆ ಗಂಟೆ. ಅಷ್ಟು ಹೊತ್ತು ಒಬ್ಬರೇ ರಸ್ತೆಯಲ್ಲಿರಬೇಕು. ಕೈಯಲ್ಲಿರುವ ಖುಷಿಯನ್ನು ಕೊನೆಯ ಮೂರನೇ ಭಾಗಕ್ಕೆ ಉಳಿಸಿಕೊಳ್ಳುವುದೇ ಇಲ್ಲಿ ಕಲಿಯಬೇಕಾದ ಕೆಲಸ. ನಾನು ಹೇಗೆ ಮಾಡುತ್ತೇನೆ ಅಂತ ಬರೆಯುತ್ತೇನೆ, ನಿಮಗೆ ಹೊಂದುವಷ್ಟು ತಗೊಳ್ಳಿ.

ಮೊದಲು ದಾರಿ

ಒಂದೇ ಕಡೆಗೆ 15 ಕಿ.ಮೀ. ಹೋಗಿ ವಾಪಸ್ ಬರುವ ದಾರಿ ಬೇಡ. ಸುತ್ತು ಹಾಕುವ ದಾರಿ ಇರಲಿ. ತುಂಗಭದ್ರಾ ಎಡದಂಡೆ ಕಾಲುವೆ ಮುನಿರಾಬಾದಿನಿಂದ ಹೊರಟು ರಾಯಚೂರು ಜಿಲ್ಲೆಯವರೆಗೆ ಹೋಗುತ್ತದೆ. ಅದರ ದಂಡೆಯ ರಸ್ತೆ ಬಹುಪಾಲು ಸಪಾಟು, ಲಾರಿ ಕಾಟವೂ ಕಡಿಮೆ. ಒಂದು ಸೇತುವೆ ಹತ್ತಿರ ಬೈಕ್ ನಿಲ್ಲಿಸುತ್ತೇನೆ. ಕಾಲುವೆ ಗುಂಟ ಒಂದು ಕ್ಯಾಂಪಿನವರೆಗೆ ಹೋಗಿ ಹೊಲದ ದಾರಿಯಲ್ಲಿ ತಿರುಗಿ ಬಂದರೆ 10 ಕಿ.ಮೀ. ಅಂಥ ಮೂರು ಸುತ್ತು. ಪ್ರತಿ ಸುತ್ತಿಗೂ ಬೈಕ್ ಸಿಗುತ್ತದೆ, ಅದರ ಡಿಕ್ಕಿಯೇ ನನ್ನ ಅಂಗಡಿ. ನೀರು, ಉಂಡೆ, ಒಣಗಿದ ಟವೆಲ್ ಎಲ್ಲ ಅಲ್ಲೇ. ಬೆನ್ನ ಮೇಲೆ ಮೂಟೆ ಹೊರುವ ಕೆಲಸವೇ ಇಲ್ಲ.

ಸುಗ್ಗಿ ಟೈಮಿನಲ್ಲಿ ಮಾತ್ರ ಹುಷಾರು. ಡಾಂಬರು ಕಂಡಲ್ಲೆಲ್ಲ ನೆಲ್ಲು ಒಣ ಹಾಕಿರುತ್ತಾರೆ. "ಯಪ್ಪಾ, ಬಾಜೂಕ ಓಡು, ನೆಲ್ಲು ತುಳೀಬ್ಯಾಡ" ಅಂತ ಬೈಸಿಕೊಂಡಿದ್ದೇನೆ, ಬೈದದ್ದು ಸರಿಯೇ. ಬೇಸಿಗೆಯಲ್ಲಿ ನಮ್ಮ ಕಡೆ ಬಿಸಿಲು 40 ಡಿಗ್ರಿ ದಾಟುವುದು ಹೊಸದೇನಲ್ಲ. ಆ ತಿಂಗಳುಗಳಲ್ಲಿ ನಸುಕಿನ ನಾಲ್ಕೂವರೆಗೆ ಹೊರಡಿ, ತಲೆಗೆ ಟಾರ್ಚ್ ಕಟ್ಟಿಕೊಳ್ಳಿ. ಎಂಟರ ಹೊತ್ತಿಗೆ ಓಟ ಮುಗಿದಿರಬೇಕು.

ಎರಡು ಡಬ್ಬಿ ಮಾಡಿಕೊಳ್ಳಿ

ಓಟದ ತಿಂಡಿಯಲ್ಲಿ ಎರಡು ಜಾತಿ. ಒಂದು ಗಡಿಯಾರದ ತಿಂಡಿ, ಇನ್ನೊಂದು ಆಸೆಯ ತಿಂಡಿ. ಇವೆರಡನ್ನೂ ಒಂದೇ ಜೇಬಿಗೆ ಹಾಕಿದ್ದೇ ನಾನು ಮಾಡಿದ ತಪ್ಪು.

ಗಡಿಯಾರದ ತಿಂಡಿಯನ್ನು ಹಸಿವಾಗಲಿ ಬಿಡಲಿ, ಟೈಮಿಗೆ ಸರಿಯಾಗಿ ತಿನ್ನಬೇಕು. ಓಡುವಾಗ ಮೈ ಜಾಸ್ತಿ ಸುಡುವುದು ಸ್ನಾಯು ಮತ್ತು ಲಿವರ್‌ನಲ್ಲಿ ಕೂಡಿಟ್ಟ ಗ್ಲೈಕೋಜನ್, ಅಂದರೆ ಸಕ್ಕರೆಯ ದಾಸ್ತಾನು. ಅದು ಬಳಸುತ್ತಾ ಬಳಸುತ್ತಾ ತಳ ಕಾಣುತ್ತದೆ. 30 ಕಿ.ಮೀ. ಆಸುಪಾಸಿನಲ್ಲಿ ಎಷ್ಟೋ ಜನ ಗೋಡೆಗೆ ಡಿಕ್ಕಿ ಹೊಡೆದವರಂತೆ ನಿಂತುಬಿಡುವುದು ಇದೇ ಕಾರಣಕ್ಕೆ. ಆಗ ಕಾಲು ಅಷ್ಟೇ ಅಲ್ಲ, ಮನಸ್ಸೂ ಮಂಕಾಗುತ್ತದೆ. "ನನಗೆ ಉತ್ಸಾಹವೇ ಇಲ್ಲ" ಅಂತ ಬೈದುಕೊಳ್ಳುವ ಮುಂಚೆ ಏನು ತಿಂದಿದ್ದೀರಿ ನೋಡಿಕೊಳ್ಳಿ. ಎಷ್ಟೋ ಸಲ ಅದು ಬರೀ ಸಕ್ಕರೆಯ ಕೊರತೆ.

ಲೆಕ್ಕ ಸರಳ. ಒಂದು ಗಂಟೆಗಿಂತ ಉದ್ದದ ಓಟಕ್ಕೆ ಗಂಟೆಗೆ 30ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್ ಬೇಕು. ಮಧ್ಯಮ ಗಾತ್ರದ ಬಾಳೆಹಣ್ಣಿನಲ್ಲಿ ಸುಮಾರು 25 ಗ್ರಾಂ ಇರುತ್ತದೆ. ನೆಲ್ಲಿಕಾಯಿ ಗಾತ್ರದ ಬೆಲ್ಲದಲ್ಲಿ ಹತ್ತಿರ ಹತ್ತಿರ 10. ಓಟಗಾರರಿಗೆಂದೇ ಅಂಗಡಿಯಲ್ಲಿ ಮಾರುವ ಸಿಹಿ ಜೆಲ್ ಪ್ಯಾಕೆಟ್ಟೂ ಆಗುತ್ತದೆ, ಆದರೆ ಅದರ ರೇಟು ನೋಡಿದ ಮೇಲೆ ನಾನು ಅಡುಗೆಮನೆ ಕಡೆ ತಿರುಗಿದೆ.

ಉಂಡೆ ಹೀಗೆ ಕಟ್ಟುತ್ತೇನೆ. ಬೀಜ ತೆಗೆದ ಖರ್ಜೂರ 200 ಗ್ರಾಂ, ಪುಡಿ ಮಾಡಿದ ಬೆಲ್ಲ 100 ಗ್ರಾಂ, ಉಪ್ಪು ಅರ್ಧ ಟೀ ಚಮಚ. ಕೈಯಲ್ಲೇ ಚೆನ್ನಾಗಿ ನಾದಬೇಕು. ಮೊದಲಿಗೆ ಬೆರಳಿಗೆಲ್ಲ ಅಂಟಿ ರಂಪ ಆಗುತ್ತದೆ, ಆಗ ಎರಡು ಚಮಚ ಪುಟಾಣಿ ಹಿಟ್ಟು ಉದುರಿಸಿ. ಹಿಟ್ಟು ಅಂಟು ಬಿಡಿಸಲಿಕ್ಕೆ ಮಾತ್ರ, ಜಾಸ್ತಿ ಹಾಕಿದರೆ ಓಡುವಾಗ ಹೊಟ್ಟೆ ಗುಡುಗುಡು ಅನ್ನುತ್ತದೆ. ಇಷ್ಟರಲ್ಲಿ 25 ಸಣ್ಣ ಉಂಡೆ ಆಗುತ್ತವೆ, ಒಂದೊಂದರಲ್ಲೂ ಸುಮಾರು 10 ಗ್ರಾಂ ಕಾರ್ಬೋಹೈಡ್ರೇಟ್. ಬೆಣ್ಣೆ ಕಾಗದದಲ್ಲಿಟ್ಟು ಪೆಪ್ಪರ್‌ಮಿಂಟಿನ ಹಾಗೆ ಎರಡೂ ತುದಿ ತಿರುವಿ. ಬೆವರು ಕೈಯಲ್ಲಿ ಬಿಚ್ಚಬೇಕು ಅನ್ನೋದು ನೆನಪಿರಲಿ, ಗಟ್ಟಿ ತಿರುವಬೇಡಿ. ಖಾಲಿ ಕಾಗದ ಜೇಬಿಗೆ, ಕಾಲುವೆಗಲ್ಲ.

ಓಟ ಶುರುವಾಗಿ 40 ನಿಮಿಷಕ್ಕೆ ಎರಡು ಉಂಡೆ, ಆಮೇಲೆ ಪ್ರತಿ ಅರ್ಧ ಗಂಟೆಗೆ ಎರಡೆರಡು. ಫೋನಿನಲ್ಲಿ ಅಲಾರಾಂ ಇಡಿ. ಮೊದಲ ಸಲ "ಇನ್ನೂ ಹಸಿವೇ ಆಗಿಲ್ಲವಲ್ಲ" ಅನಿಸುತ್ತದೆ. ಸುಮ್ನೆ ತಿನ್ನಿ. ಕಾರ್ಬೋಹೈಡ್ರೇಟನ್ನು ಅರಗಿಸಲು ಹೊಟ್ಟೆಗೂ ಅಭ್ಯಾಸ ಬೇಕು, ಒಂದೆರಡು ವಾರ ಒಂದೊಂದೇ ಉಂಡೆಯಿಂದ ಶುರು ಮಾಡಿದರೂ ನಡೆಯುತ್ತದೆ. ಶುಗರ್ ಇರುವವರು ಮಾತ್ರ ಇದನ್ನೆಲ್ಲ ತಮ್ಮ ಡಾಕ್ಟರ್ ಹತ್ತಿರ ಕೇಳಿಯೇ ಮಾಡಬೇಕು.

ಇನ್ನು ಆಸೆಯ ತಿಂಡಿ. ಅದಕ್ಕೆ ಗಡಿಯಾರ ಇಲ್ಲ, ಜಾಗ ಇದೆ. 20ನೇ ಕಿಲೋಮೀಟರ್ ದಾಟಿ ಬೈಕ್ ಹತ್ತಿರ ಬಂದರೆ ಮಾತ್ರ ಅದು ಸಿಗಬೇಕು. ನನ್ನದು ಹುಣಸೆ ಚಿಗಳಿ. ಎರಡು ಗಂಟೆ ಬರೀ ಸಿಹಿ ತಿಂದು ನಾಲಿಗೆ ಬೇಸತ್ತಿರುತ್ತದೆ, ಆ ಹೊತ್ತಿಗೆ ಹುಳಿ, ಉಪ್ಪು, ಜೀರಿಗೆ ನಾಲಿಗೆಗೆ ತಾಗಿದರೆ ಕಣ್ಣು ತಾನಾಗಿಯೇ ಅರಳುತ್ತದೆ. ಕಡ್ಡಿಗೆ ಹಚ್ಚಿದ ಚಿಗಳಿಯನ್ನು ಚೀಪುತ್ತಾ 200 ಮೀಟರ್ ನಡೆಯುತ್ತೇನೆ. ಕಡ್ಡಿ ಬಾಯಲ್ಲಿಟ್ಟುಕೊಂಡು ಓಡಬೇಡಿ ಮಹಾರಾಯರೇ. ಶೇಂಗಾ ಚಿಕ್ಕಿಯೂ ಇದೇ ಡಬ್ಬಿಗೆ ಸೇರಿದ್ದು. ಶೇಂಗಾದಲ್ಲಿ ಎಣ್ಣೆ ಅಂಶ ಜಾಸ್ತಿ, ನಿಧಾನಕ್ಕೆ ಅರಗುತ್ತದೆ. ಮೇಲಾಗಿ ಏದುಸಿರಿನಲ್ಲಿ ಅದರ ಚೂರು ಗಂಟಲಿಗೆ ಸಿಕ್ಕಿದರೆ ಕೆಮ್ಮಿ ಕೆಮ್ಮಿ ಸಾಕಾಗುತ್ತದೆ.

ಒಂದು ಮಜಾ ವಿಷಯ. ಕಾರ್ಬೋಹೈಡ್ರೇಟ್ ಇರುವ ದ್ರಾವಣವನ್ನು ನುಂಗದೆ ಬರೀ ಬಾಯಿ ಮುಕ್ಕಳಿಸಿ ಉಗಿದರೂ, ಸುಮಾರು ಒಂದು ಗಂಟೆಯ ಸೈಕಲ್ ಪರೀಕ್ಷೆಗಳಲ್ಲಿ ಸವಾರರು ಸ್ವಲ್ಪ ಚುರುಕಾಗಿದ್ದನ್ನು ವಿಜ್ಞಾನಿಗಳು ಕಂಡಿದ್ದಾರೆ. ಹೊಟ್ಟೆಗೆ ಏನೂ ಹೋಗಿಲ್ಲ, ಆದರೆ ನಾಲಿಗೆಯಿಂದ ಮೆದುಳಿಗೆ ಸುದ್ದಿ ಹೋಗಿದೆ. ಕೊನೆಯ ಎರಡು ಕಿಲೋಮೀಟರ್‌ಗೆ ಏನೂ ಇಳಿಯದಿದ್ದರೆ ಈ ಉಪಾಯ ನೋಡಬಹುದು.

ನೀರು ಜಾಸ್ತಿಯಾದರೂ ಕಷ್ಟ

ಬಾಯಾರಿಕೆಗೆ ತಕ್ಕಂತೆ ಗುಟುಕು ಗುಟುಕು ಕುಡಿಯಿರಿ. 2002ರ ಬೋಸ್ಟನ್ ಮ್ಯಾರಥಾನ್‌ನಲ್ಲಿ 488 ಓಟಗಾರರ ರಕ್ತ ಪರೀಕ್ಷೆ ಮಾಡಿದಾಗ ಶೇ 13ರಷ್ಟು ಜನರಲ್ಲಿ ಸೋಡಿಯಂ, ಅಂದರೆ ರಕ್ತದ ಉಪ್ಪಿನಂಶ, ಇರಬೇಕಾದ್ದಕ್ಕಿಂತ ಕಡಿಮೆ ಇತ್ತು. ದಾರಿಯುದ್ದಕ್ಕೂ ಅತಿಯಾಗಿ ಕುಡಿದು ಓಟದಲ್ಲಿ ತೂಕ ಏರಿಸಿಕೊಂಡವರಲ್ಲಿ ಇದು ಜಾಸ್ತಿ ಕಂಡಿತ್ತು. ನಮ್ಮ ಸೆಕೆಗೆ ಒಂದು ಬಾಟಲಿ ಸಾದಾ ನೀರು, ಒಂದು ಬಾಟಲಿ ಓಆರ್‌ಎಸ್ ಇಟ್ಟುಕೊಳ್ಳಿ. ಒಂದು ಲೀಟರಿನ ಪ್ಯಾಕೆಟ್ಟನ್ನು ಒಂದು ಲೀಟರಿಗೇ ಬೆರೆಸಿ, ರುಚಿಗೆ ಅಂತ ಅರ್ಧ ಲೀಟರಿಗೆ ಸುರಿಯಬೇಡಿ.

ಹಾಡು ಯಾವಾಗ ಹಚ್ಚಬೇಕು

ಮೊದಲ 10 ಕಿ.ಮೀ. ಏನೂ ಬೇಡ. ಕೊಕ್ಕರೆ, ದೂರದ ರೈಸ್ ಮಿಲ್ಲಿನ ಸದ್ದು, ಭತ್ತ ಬೇಯುವ ವಾಸನೆ, ನಿಮ್ಮ ಉಸಿರು, ಇಷ್ಟು ಸಾಕು. ಈ ಹೊತ್ತಿನಲ್ಲಿ ಜೋರು ಹಾಡು ಹಚ್ಚಿದರೆ ಕಾಲು ಅದರ ಹಿಂದೆ ಓಡುತ್ತದೆ, 7 ನಿಮಿಷದ ಓಟ ಆರಕ್ಕೆ ಬಂದು ನಿಲ್ಲುತ್ತದೆ, ಅದರ ಬಡ್ಡಿಯನ್ನು 25ನೇ ಕಿಲೋಮೀಟರ್‌ನಲ್ಲಿ ಕಟ್ಟಬೇಕಾಗುತ್ತದೆ.

10ರಿಂದ 20ರವರೆಗೆ ಮಾತು. ಹರಟೆ, ಕಥೆ, ಹರಿಕಥೆ, ಕ್ರಿಕೆಟ್ ಚರ್ಚೆ ಯಾವುದಾದರೂ ಆಗುತ್ತದೆ. "ಆಮೇಲೇನಾಯಿತು" ಅನ್ನುವ ಕುತೂಹಲ ಇದ್ದರೆ ಸಾಕು. ನಾನು ಕಥೆಯ ಒಂದು ಭಾಗ ಕೇಳಿ ಮುಂದಿನದನ್ನು ಮುಂದಿನ ಭಾನುವಾರಕ್ಕೇ ಬಿಡುತ್ತೇನೆ. ಮನೆಯಲ್ಲಿ ಕೇಳಲ್ಲ. ಕಥೆಯ ಆಸೆಗೇ ಎಷ್ಟೋ ಭಾನುವಾರ ಎದ್ದಿದ್ದೇನೆ.

20 ದಾಟಿದ ಮೇಲೆ ಹಾಡು. ಅದಕ್ಕೂ ಮೊದಲು ಹೆಜ್ಜೆ ಎಣಿಸಿ. ಬಲಗಾಲು ಅರ್ಧ ನಿಮಿಷದಲ್ಲಿ ಎಷ್ಟು ಸಲ ನೆಲಕ್ಕೆ ತಾಗುತ್ತದೆ ನೋಡಿ, ಅದನ್ನು ನಾಲ್ಕರಿಂದ ಗುಣಿಸಿ. 40 ಬಂದರೆ ನಿಮಿಷಕ್ಕೆ 160 ಹೆಜ್ಜೆ. ಹಾಡಿನ ತಾಳ 160 ಇದ್ದರೆ ಹೆಜ್ಜೆಗೊಂದು ಪೆಟ್ಟು, 80 ಇದ್ದರೆ ಎರಡು ಹೆಜ್ಜೆಗೊಂದು. ಎರಡೂ ಕೂಡುತ್ತವೆ. ನನ್ನ ಹತ್ತಿರ ಊರಿನ ಮೊಹರಂನಲ್ಲಿ ಫೋನಿಗೆ ಹಿಡಿದುಕೊಂಡ ಹಲಗೆ ಬಡಿತ ಇದೆ. ಅಲಾಯಿ ಗುಂಡಿಯ, ಅಂದರೆ ಮೊಹರಂನ ಬೆಂಕಿ ಗುಂಡಿಯ, ಸುತ್ತ ಹೆಜ್ಜೆ ಹಾಕುವಾಗಿನದು. ನಡುವೆ ಯಾರೋ ಕೂಗುತ್ತಾರೆ, ಹುಡುಗನೊಬ್ಬ ಸಿಳ್ಳೆ ಹೊಡೆಯುತ್ತಾನೆ, ಧ್ವನಿಯೂ ಒಡೆದಿದೆ. ಎಣಿಸಿ ನೋಡಿದರೆ ಅದು 80ರ ಆಸುಪಾಸು, ನನ್ನ ಹೆಜ್ಜೆಗೆ ಸರಿಯಾಗಿ ಅರ್ಧ. 26ನೇ ಕಿಲೋಮೀಟರ್‌ವರೆಗೆ ಅದನ್ನು ಮುಟ್ಟುವುದಿಲ್ಲ. ಮುಟ್ಟಿದ ಮೇಲೆ ಬೇರೆ ಹಾಡೂ ಬೇಕಿಲ್ಲ.

ತಾಳ ಹಿಡಿದು ಓಡುವುದು ನಮ್ಮಂಥವರ ಚಟ ಮಾತ್ರ ಅಂದುಕೊಳ್ಳಬೇಡಿ. ಇಥಿಯೋಪಿಯಾದ ಹೈಲೆ ಗೆಬ್ರ್‌ಸೆಲಾಸಿ 1998ರಲ್ಲಿ ಒಳಾಂಗಣ 2,000 ಮೀಟರ್ ವಿಶ್ವದಾಖಲೆ ಮಾಡಿದ್ದು ಕ್ರೀಡಾಂಗಣದಲ್ಲಿ ಹಾಕಿಸಿದ ಹಾಡಿನ ತಾಳಕ್ಕೆ. ಲಂಡನ್ನಿನ ಬ್ರೂನೆಲ್ ವಿಶ್ವವಿದ್ಯಾಲಯದ ಕೋಸ್ಟಾಸ್ ಕರಗಿಯೋರ್ಗಿಸ್ ಬಹಳ ವರ್ಷ ಇದನ್ನೇ ಅಧ್ಯಯನ ಮಾಡಿದವರು. ಹದವಾದ ವೇಗದಲ್ಲಿ ಸಂಗೀತ ಆಯಾಸದ ಕಡೆಯಿಂದ ಗಮನ ಎಳೆಯುತ್ತದೆ, ಪೂರಾ ಶಕ್ತಿ ಹಾಕಿ ಓಡುವಾಗ ಆ ಪರಿಣಾಮ ತಗ್ಗುತ್ತದೆ ಅನ್ನುವುದು ಇಂಥ ಅಧ್ಯಯನಗಳಲ್ಲಿ ಕಂಡದ್ದು. ನಮ್ಮ ಭಾನುವಾರದ ಓಟ ಹದವಾದದ್ದೇ, ಅಲ್ವಾ?

ಇಯರ್‌ಫೋನ್ ಒಂದೇ ಕಿವಿಗೆ. ರಸ್ತೆಯ ಬಲಕ್ಕೆ, ಎದುರು ಬರುವ ಗಾಡಿಗಳು ಕಾಣುವಂತೆ ಓಡಿ. ಹಾಗೆ ಓಡಿದರೆ ರಸ್ತೆ ನಿಮ್ಮ ಎಡಕ್ಕಿರುತ್ತದೆ, ಆದ್ದರಿಂದ ಎಡಗಿವಿ ಖಾಲಿ ಇರಲಿ. ಹಿಂದಿನಿಂದ ಬರುವ ಟ್ರ್ಯಾಕ್ಟರ್ ಟ್ರೇಲರ್, ಎರಡು ನಾಯಿ, ಕುರಿ ಹಿಂಡಿನ ಗಂಟೆ ಎಲ್ಲವೂ ಕೇಳಬೇಕು. ಹಾಡುಗಳನ್ನು ಮೊದಲೇ ಡೌನ್‌ಲೋಡ್ ಮಾಡಿ ಡೇಟಾ ಆಫ್ ಮಾಡಿ. ಕಾಲುವೆ ಮೇಲೆ ನೆಟ್‌ವರ್ಕ್ ಹುಡುಕಿ ಹುಡುಕಿಯೇ ಫೋನ್ ಸಾಯುತ್ತದೆ.

ತಿಂಗಳಿಗೆ ಒಂದು ಉದ್ದ ಓಟವನ್ನಾದರೂ ಹಾಡಿಲ್ಲದೆ ಓಡಿ. ವಿಶ್ವ ಅಥ್ಲೆಟಿಕ್ಸ್ ನಿಯಮದಲ್ಲಿ ಸ್ಪರ್ಧಿಗಳು ಮ್ಯೂಸಿಕ್ ಪ್ಲೇಯರ್ ಬಳಸುವುದು ನೆರವು ಪಡೆದಂತೆ ಲೆಕ್ಕ. ನಮ್ಮಂಥ ಸಾಮಾನ್ಯರಿಗೆ ಎಷ್ಟೋ ಓಟಗಳಲ್ಲಿ ಬಿಡುತ್ತಾರೆ, ಆದರೂ ನೀವು ಹೆಸರು ಕೊಟ್ಟ ಓಟದ ನಿಯಮ ಓದಿಕೊಳ್ಳಿ.

ಹಿಂದಿನ ರಾತ್ರಿ, ಮುಗಿದ ಮೇಲೆ

ಶನಿವಾರ ರಾತ್ರಿ ಅನ್ನ, ತೆಳ್ಳಗಿನ ಸಾರು, ಸ್ವಲ್ಪ ಮೊಸರು. ಖಾರ ಬೇಡ. ಒಮ್ಮೆ ಶನಿವಾರ ಸಂಜೆ ಗೆಳೆಯರ ಜೊತೆ ಒಂದು ಪ್ಲೇಟ್ ಮಂಡಕ್ಕಿ ಒಗ್ಗರಣೆ, ನಾಲ್ಕು ಮಿರ್ಚಿ ಬಜ್ಜಿ ತಿಂದು ಮರುದಿನ ಓಡಲು ಹೋಗಿದ್ದೆ. ಮುಂದಿನ ಕಥೆ ಕಾಲುವೆ ದಂಡೆಯ ಜಾಲಿ ಗಿಡಗಳಿಗೆ ಗೊತ್ತು.

ಈಗ ಅದೇ ಒಗ್ಗರಣೆ ಮಿರ್ಚಿಯನ್ನು ಓಟದ ಆಚೆ ಕಡೆಗೆ ಇಟ್ಟಿದ್ದೇನೆ. ಮುಗಿಸಿದ ಕೂಡಲೇ ಉಪ್ಪು ಹಾಕಿದ ಮಜ್ಜಿಗೆ, ಒಂದು ಬಾಳೆಹಣ್ಣು, ಹತ್ತು ನಿಮಿಷ ನಡಿಗೆ. ಆಮೇಲೆ ಬೈಕ್ ಹತ್ತಿ ನೇರ ಹೋಟೆಲ್‌ಗೆ. ಎಂಟೂವರೆ ಆದರೆ ಬಿಸಿ ಮಿರ್ಚಿ ಖಾಲಿಯಾಗುತ್ತವೆ ಅನ್ನೋ ಭಯಕ್ಕೇ 28ನೇ ಕಿಲೋಮೀಟರ್‌ನಲ್ಲಿ ಕಾಲು ಎತ್ತಿ ಹಾಕಿದ್ದುಂಟು. ಮೊನ್ನೆ ಅಲ್ಲೇ ಸಲಿಕೆಯ ಅಜ್ಜ ಸಿಕ್ಕಿದ್ದರು. "ಇವತ್ತೂ ತಪ್ಪಿತೇನ್ರಿ ಬಸ್ಸು?" ಅಂದು ಬೆಂಚಿನ ಮೇಲೆ ಜಾಗ ಬಿಟ್ಟುಕೊಟ್ಟರು.